ಹೈಫಾದ ದಾರಿ ತೆರೆದ ಕಾಲಾಳುಗಳು

ಪ್ರಶ್ನೆ: ಮೊದಲ ಮಹಾಯುದ್ಧದ ವೇಳೆ, 1918ರಲ್ಲಿ, ಮೈಸೂರು ಲ್ಯಾನ್ಸರ್ಸ್ ಸವಾರರು ಭರ್ಜಿ ಹಿಡಿದು ಪ್ಯಾಲೆಸ್ಟೀನಿನ ಹೈಫಾ ನಗರವನ್ನು ಗೆದ್ದರೆಂದು ಓದಿದ್ದೇನೆ. ಮೆಷಿನ್ ಗನ್ ಕಾಲದಲ್ಲಿ ಕುದುರೆಪಡೆ ಒಂದರಿಂದಲೇ ಇದು ಆಯಿತೇ? ಕಾಲಾಳುಗಳ ಪಾತ್ರ ಏನೂ ಇರಲಿಲ್ಲವೇ?

ಉತ್ತರ: ಇತ್ತು, ದೊಡ್ಡದಾಗಿಯೇ ಇತ್ತು. ಆದರೆ ಅದನ್ನು ಹೈಫಾದಲ್ಲಿ ಹುಡುಕಿದರೆ ಸಿಗುವುದಿಲ್ಲ. ಸೆಪ್ಟೆಂಬರ್ 23ರ ಆ ದಾಳಿಗೆ ನಾಲ್ಕು ದಿನ ಹಿಂದೆ ಹೋಗಬೇಕು, ಯಾಫಾದ ಉತ್ತರಕ್ಕಿರುವ ಕಡಲತೀರದ ಬಯಲಿಗೆ.

ಅಲ್ಲಿ ತುರ್ಕಿ ಸೇನೆ ಕಂದಕ ತೋಡಿ, ಮುಳ್ಳುತಂತಿ ಎಳೆದು ಕೂತಿತ್ತು. ಇಂಥ ಕಡೆ ಕುದುರೆಯಿಂದ ಏನೂ ಆಗದು. ತಂತಿಗೆ ಸಿಕ್ಕಿ ನಿಂತ ಕುದುರೆ ಮೆಷಿನ್ ಗನ್ನಿಗೆ ಸುಲಭದ ಗುರಿ. ಹಾಗಾಗಿ ಬ್ರಿಟಿಷ್ ಸೇನಾಧಿಪತಿ ಆಲೆನ್‌ಬಿ ಸುಮಾರು 24 ಕಿ.ಮೀ. ಅಗಲದ ಜಾಗದಲ್ಲಿ 35,000 ಕಾಲಾಳುಗಳನ್ನೂ 380ಕ್ಕೂ ಹೆಚ್ಚು ತೋಪುಗಳನ್ನೂ ಗುಟ್ಟಾಗಿ ಒಟ್ಟುಗೂಡಿಸಿದ. ಎದುರಿಗಿದ್ದ ತುರ್ಕಿ ಕಾಲಾಳುಗಳು 8,000ದಷ್ಟು. ರಾತ್ರಿ ನಡೆದು ಬಂದ ದಳಗಳು ಹಗಲೆಲ್ಲ ಕಿತ್ತಳೆ, ಆಲಿವ್ ತೋಟಗಳ ಮರೆಯಲ್ಲಿ ಅಡಗಿದ್ದವು. ಅತ್ತ ಜೋರ್ಡಾನ್ ಕಣಿವೆಯಲ್ಲಿ ಕ್ಯಾನ್ವಾಸಿನ ಸುಳ್ಳು ಕುದುರೆಗಳನ್ನು ಸಾಲಾಗಿ ನಿಲ್ಲಿಸಿ ಶತ್ರುವಿನ ಕಣ್ಣನ್ನು ಬೇರೆಡೆಗೆ ಸೆಳೆದರು.

ಸೆಪ್ಟೆಂಬರ್ 19ರ ನಸುಕಿನ 4.30ಕ್ಕೆ ತೋಪುಗಳು ಮೊಳಗಿದವು. ಆ ಗುಂಡಿನ ಮಳೆಯ ಬೆನ್ನಿಗೇ ಆಲೆನ್‌ಬಿಯ ಕೈಕೆಳಗಿನ ಸೇನಾನಿ ಬುಲ್ಫಿನ್ ನೇತೃತ್ವದ ಕಾಲಾಳುಗಳು ಕತ್ತಲಲ್ಲೇ ಮುನ್ನುಗ್ಗಿ ತಂತಿ ದಾಟಿದರು, ಕಂದಕಕ್ಕೆ ಇಳಿದರು. ಇವರಲ್ಲಿ ಬಹುಪಾಲು ಭಾರತೀಯರೇ: ಸಿಖ್ಖರು, ಪಂಜಾಬಿಗಳು, ಗೂರ್ಖಾಗಳು. ಆ ವರ್ಷ ಫ್ರಾನ್ಸಿನಲ್ಲಿ ಜರ್ಮನರ ಒತ್ತಡ ಹೆಚ್ಚಿ ಬ್ರಿಟಿಷ್ ಬೆಟಾಲಿಯನ್‌ಗಳನ್ನು ಅಲ್ಲಿಗೆ ಕಳಿಸಿದಾಗ, ಆ ಜಾಗ ತುಂಬಲು ಬಂದವರೂ ಇವರಲ್ಲಿದ್ದರು. ಅನೇಕರಿಗೆ ಇದೇ ಮೊದಲ ದೊಡ್ಡ ಯುದ್ಧ.

ಕಂದಕ ಗೆದ್ದ ಮೇಲೆ ಅವರು ನೇರ ಉತ್ತರಕ್ಕೆ ಹೋಗಲಿಲ್ಲ. ಇಡೀ ಪಡೆ, ಕೀಲಿನ ಮೇಲೆ ತಿರುಗುವ ಬಾಗಿಲಿನಂತೆ, ಬಲಕ್ಕೆ ತಿರುಗಿ ಶತ್ರುವನ್ನು ಪೂರ್ವದ ಗುಡ್ಡಗಳತ್ತ ತಳ್ಳಿತು. ತೀರದ ಬಯಲು ತೆರವಾಯಿತು. ಕಾದು ನಿಂತಿದ್ದ ಕುದುರೆಪಡೆ ಆ ಸಂದಿನಲ್ಲಿ ನುಗ್ಗಿತು. ಮೈಸೂರು, ಜೋಧಪುರದ ಲ್ಯಾನ್ಸರ್ಸ್ ಇದ್ದದ್ದು ಹೀಗೆ ಸಾಗಿದ 5ನೇ ಅಶ್ವಡಿವಿಷನ್ನಿನಲ್ಲಿ. ಮರುದಿನ ಬೆಳಗ್ಗೆ ಅದರ ಮುಂಚೂಣಿ ನಜರೇತಿನಲ್ಲಿತ್ತು! ನನ್ನ ದೃಷ್ಟಿಯಲ್ಲಿ ಇಡೀ ಕಾರ್ಯಾಚರಣೆಯ ಗೆಲುವು ನಿರ್ಧಾರವಾದದ್ದು 19ರ ಆ ಕೆಲವೇ ಗಂಟೆಗಳಲ್ಲಿ. ಅದಕ್ಕೆ ಕಾಲಾಳುಗಳು ತೆತ್ತ ಬೆಲೆ, ಸತ್ತವರು ಗಾಯಗೊಂಡವರು ಸೇರಿ, ಮೂರು ಸಾವಿರಕ್ಕೂ ಹೆಚ್ಚು ಮಂದಿ.

ಇದರಿಂದ ಲ್ಯಾನ್ಸರ್ಸ್‌ನ ಸಾಹಸ ಎಳ್ಳಷ್ಟೂ ಕಡಿಮೆಯಾಗದು. ಹೈಫಾದ ಅಂಚಿನಲ್ಲಿ ಜೋಧಪುರದ ಸವಾರರು ಹೊಳೆಯ ಕುಸಿಯುವ ಮರಳಿನಿಂದಾಗಿ ದಿಕ್ಕು ಬದಲಿಸಿ, ಗುಂಡಿನ ನಡುವೆಯೇ ದಾಳಿ ಮಾಡಿದರು. ಮೇಜರ್ ದಳಪತ್ ಸಿಂಗ್ ಅಲ್ಲೇ ಪ್ರಾಣ ತೆತ್ತರು. ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟ ಹತ್ತಿ ಮೇಲಿದ್ದ ತೋಪುಗಳನ್ನು ಹಿಡಿಯಿತು. ಆದರೆ ಅಲ್ಲಿಯೂ ಒಂದು ಸಂಗತಿಯನ್ನು ಗಮನಿಸಬೇಕು. ಕಡಿದಾದ ಆ ಏರಿನಲ್ಲಿ ಕುದುರೆಗಳು ಬಸವಳಿದು, ಕೊನೆಯ ದಾಳಿಗೆ ಕುದುರೆಯ ಮೇಲೆ ಉಳಿದಿದ್ದವರು ಹದಿನೈದೇ ಮಂದಿ. ಅವರಿಗೆ ಆಸರೆಯಾದದ್ದು ನೆಲಕ್ಕಿಳಿದು ಬಂದೂಕು ಹಾರಿಸುತ್ತಿದ್ದ ಅವರ ಸಂಗಾತಿಗಳು. ಕೆಳಗೆ ಜೋಧಪುರದವರ ದಾಳಿಗೂ ಮೈಸೂರಿನ ಮೆಷಿನ್ ಗನ್ನುಗಳ ಬೆಂಬಲವಿತ್ತು. ಅಂದರೆ ನಮ್ಮ ಸವಾರರೇ ಆ ದಿನ ಅರ್ಧ ಕಾಲಾಳುಗಳಾಗಿದ್ದರು.

ಕಾಲಾಳುಗಳ ಹೆಸರು ಮರೆಯಾದದ್ದಕ್ಕೆ ಕಾರಣವೂ ಇದೆ. ನಜರೇತ್, ಹೈಫಾ, ಡಮಾಸ್ಕಸ್ ಎಂಬ ಊರುಗಳೆಲ್ಲ ಕುದುರೆಪಡೆಯ ಪಾಲಿಗೆ ಬಂದವು. ದಿಲ್ಲಿಯ ತೀನ್ ಮೂರ್ತಿ, ಬೆಂಗಳೂರಿನ ಜೆ.ಸಿ. ನಗರದ ಸ್ಮಾರಕ, ಎರಡೂ ಲ್ಯಾನ್ಸರ್ಸ್‌ಗೆ ಸಂದ ಗೌರವ. ಕಾಲಾಳುಗಳು ಗೆದ್ದದ್ದು ತಬ್ಸೋರ್‌ನಂಥ ಕಂದಕದ ಸಾಲುಗಳನ್ನು, ಅವನ್ನು ಯಾರು ನೆನಪಿಡುತ್ತಾರೆ? ಅವರ ಕೆಲಸ ಅಷ್ಟಕ್ಕೇ ಮುಗಿಯಲೂ ಇಲ್ಲ. 19ರಂದು ತಬ್ಸೋರ್‌ನಲ್ಲಿ ಹೋರಾಡಿದ್ದ 7ನೇ ಮೀರತ್ ಡಿವಿಷನ್ ಆಮೇಲೆ ಹೈಫಾಗೆ ಬಂದು, ಅಲ್ಲಿಂದ ತೀರದುದ್ದಕ್ಕೂ ನಡೆದೇ ಹೊರಟಿತು. ಟೈರ್ ಹತ್ತಿರ ಬಂಡೆಯಲ್ಲಿ ಮೆಟ್ಟಿಲಿನಂತಿದ್ದ ಹಳೆಯ ಕಿರುದಾರಿಯನ್ನು ತೋಪುಬಂಡಿ ಸಾಗುವಂತೆ ಕಡಿದು ಅಗಲಿಸಿ, ಅಕ್ಟೋಬರ್ 8ರಂದು ಬೈರೂತ್ ಮುಟ್ಟಿತು.