ಪ್ಲಾಸ್ಟಿಕ್ ಕಡೆಯುವ ಲೇತ್ ಟೂಲು: ಆಯ್ಕೆ ಮತ್ತು ಮಸೆಯುವ ಕ್ರಮ



ಗಿರಣಿ, ಕಾರಖಾನೆಗಳ ಯಂತ್ರಗಳಲ್ಲಿ ಹಿಂದೆ ಹಿತ್ತಾಳೆಯ ಬುಷ್ ಇದ್ದ ಎಷ್ಟೋ ಕಡೆ ಈಗ ನೈಲಾನ್ ಬುಷ್ ಇದೆ. ಅಳತೆ ತಪ್ಪಿ ವಾಪಸು ಬಂದ ಬುಷ್‌ಗಳ ಪಟ್ಟಿ ಬರೆಯುವವರು ನಮ್ಮಂಥ ಗುಮಾಸ್ತರು; ಅದರ ಸಲುವಾಗಿ ಮಾತು ಕೇಳಬೇಕಾದವರು ಲೇತಿನ ಮುಂದೆ ನಿಂತ ಟರ್ನರ್ ಬಂಧುಗಳು. ಕಬ್ಬಿಣಕ್ಕೆ ಮಸೆದ ಟೂಲನ್ನೇ ಪ್ಲಾಸ್ಟಿಕ್ಕಿಗೂ ಕಟ್ಟುವುದು ಈ ತೊಂದರೆಗೆ ಒಂದು ಮುಖ್ಯ ಕಾರಣ. ಪ್ಲಾಸ್ಟಿಕ್ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಅಂಜಬೇಕಾದುದು ಶಾಖಕ್ಕೆ ಎಂಬುದನ್ನು ಮೊದಲು ತಿಳಿಯೋಣ.

ಶಾಖದ ಗುಣ: ಉಕ್ಕು ಶಾಖವನ್ನು ಬೇಗ ಹರಿಸಿಬಿಡುತ್ತದೆ. ನೈಲಾನ್ ಹರಿಸುವುದು ಅದರ ನೂರರಲ್ಲೊಂದು ಪಾಲಿಗಿಂತಲೂ ಕಡಿಮೆ. ಆದುದರಿಂದ ಮೊಂಡು ಟೂಲು ಉಜ್ಜಿದಲ್ಲೇ ಶಾಖ ನಿಂತು, ಮೈ ಕರಗಿ ಅಂಟಾಗುತ್ತದೆ. ಅಲ್ಲದೆ ನೈಲಾನ್ ಉಕ್ಕಿಗಿಂತ ಆರೇಳು ಪಟ್ಟು ಹೆಚ್ಚು ಹಿಗ್ಗುತ್ತದೆ. 50 ಮಿ.ಮೀ. ವ್ಯಾಸದ ತುಂಡು 30 ಡಿಗ್ರಿ ಸೆಂಟಿಗ್ರೇಡಿನಷ್ಟು ಬಿಸಿಯೇರಿದರೆ ಸುಮಾರು 0.12 ಮಿ.ಮೀ. ದಪ್ಪವಾಗುತ್ತದೆ. ಬಿಸಿಯಿದ್ದಾಗ ಸರಿಯೆನಿಸಿದ ಅಳತೆ ಆರಿದ ಮೇಲೆ ಕಡಿಮೆಯಾಗುವುದು.

ಟೂಲಿನ ಆಯ್ಕೆ: ಬರಿಯ ನೈಲಾನ್, ಅಕ್ರಿಲಿಕ್, ಟೆಫ್ಲಾನ್‌ಗಳಿಗೆ ಹೈಸ್ಪೀಡ್ ಸ್ಟೀಲ್ ಟೂಲು ಸಾಕು, ಅದಕ್ಕೆ ಒಳ್ಳೆಯ ಚೂಪು ಬರುತ್ತದೆ. ಗಾಜಿನ ನಾರು ಬೆರೆತ ನೈಲಾನ್, ಬಟ್ಟೆಯ ಪದರವಿರುವ ಬೇಕಲೈಟ್ ಇವು ಅಂಚನ್ನು ಬೇಗ ಸವೆಸುವುದರಿಂದ ಕಾರ್ಬೈಡ್ ಟೂಲು ಬೇಕು.

ಮಸೆಯುವ ಕ್ರಮ:

1. ಅಂಚಿನ ಕೆಳಭಾಗ ಜಾಬಿಗೆ ತಾಗದಂತೆ ಬಿಡುವ ಓರೆಗೆ ಕ್ಲಿಯರೆನ್ಸ್ ಎನ್ನುತ್ತಾರೆ. ಉಕ್ಕಿಗೆ 6ರಿಂದ 8 ಡಿಗ್ರಿ ಸಾಲುತ್ತದೆ. ಪ್ಲಾಸ್ಟಿಕ್ ಒತ್ತಿದಾಗ ತಗ್ಗಿ, ಮತ್ತೆ ಉಬ್ಬಿ ಟೂಲಿಗೆ ಉಜ್ಜುವುದರಿಂದ 10ರಿಂದ 15 ಡಿಗ್ರಿ ಇಡಬೇಕು.

2. ಟೂಲಿನ ಮೇಲ್ಮೈಯ ಓರೆಗೆ ರೇಕ್ ಎಂದು ಹೆಸರು. ನೈಲಾನಿಗೆ 5ರಿಂದ 10 ಡಿಗ್ರಿ ಇರಲಿ. ಅಕ್ರಿಲಿಕ್ ಗಾಜಿನಂತೆ ಸಿಡಿಯುವುದರಿಂದ ಅದಕ್ಕೆ ರೇಕ್ ಸೊನ್ನೆ ಇಡುವುದು ಲೇಸು.

3. ಗ್ರೈಂಡಿಂಗ್ ಆದ ಮೇಲೆ ಆಯಿಲ್ ಸ್ಟೋನಿನ ಮೇಲೆ ತೀಡಿ, ಮೇಲ್ಮೈಯನ್ನು ಕನ್ನಡಿಯಂತೆ ಮಾಡಬೇಕು. ಮೂತಿ ಅರ್ಧ ಮಿ.ಮೀ.ನಷ್ಟು ಗುಂಡಗಿರಲಿ.

ಕಡೆಯುವಾಗ: ಟೂಲನ್ನು ಒಂದೇ ಜಾಗದಲ್ಲಿ ಉಜ್ಜುತ್ತ ನಿಲ್ಲಲು ಬಿಡಬಾರದು. ಚಕ್ ಅತಿಯಾಗಿ ಬಿಗಿದರೆ ತೆಳು ಬುಷ್ ಗುಂಡಗೆ ಉಳಿಯದು. ಗಾಳಿ ಊದಿ ತಣಿಸುವುದು ಉತ್ತಮ. ಅಕ್ರಿಲಿಕ್ಕಿಗೆ ಸ್ಪಿರಿಟ್ ತಾಗಿಸಬಾರದು, ಬಿರುಕು ಬಿಡುತ್ತದೆ. ಕೊನೆಯ ಕಟ್ಟಿಗೆ ಮುಂಚೆ ಜಾಬನ್ನು ಆರಲು ಬಿಟ್ಟು ಅಳೆಯತಕ್ಕದ್ದು.

ಎಚ್ಚರಿಕೆ: ನೈಲಾನ್ ಸುರುಳಿ ತುಂಡಾಗದೆ ಚಕ್ಕಿಗೆ ಸುತ್ತಿಕೊಳ್ಳುತ್ತದೆ. ಓಡುವ ಲೇತಿನಲ್ಲಿ ಅದನ್ನು ಕೈಯಿಂದ ಎಳೆಯಲೇಬಾರದು. ಯಂತ್ರ ನಿಲ್ಲಿಸಿ ಕೊಕ್ಕೆಯಿಂದ ತೆಗೆಯಿರಿ. ಟೆಫ್ಲಾನ್ ಪುಡಿ ಬೀಡಿಗೋ ಸಿಗರೇಟಿಗೋ ತಾಗಿ ಉರಿದರೆ ಅದರ ಹೊಗೆಯಿಂದ ಚಳಿಜ್ವರ, ಎದೆಬಿಗಿತ ಬರುತ್ತದೆ. ಆ ಕೆಲಸದ ಜಾಗದಲ್ಲಿ ಬೀಡಿ ಬೇಡ. ಕೆಲಸ ಮುಗಿದ ಮೇಲೂ ಕೈ ತೊಳೆಯದೆ ಹಚ್ಚಬಾರದು.

ಟೂಲು ತೀಡಲು ಹತ್ತು ನಿಮಿಷ ಹೆಚ್ಚು ಹಿಡಿದೀತು. ಕೆಟ್ಟ ಬುಷ್ಷನ್ನು ಮತ್ತೆ ಮೊದಲಿನಿಂದ ಕಡೆಯುವುದಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು, ಮಾಲೂ ದಂಡ. ಟರ್ನರ್ ಬಂಧುಗಳು ತಮ್ಮ ಅನುಭವವನ್ನು ವಾಚನಾಲಯಕ್ಕೆ ಬಂದಾಗ ತಿಳಿಸಿದರೆ ನಾವು ಕಿರಿಯರಿಗೆ ಉಪಯೋಗವಾಗುವಂತೆ ಸಂತೋಷದಿಂದ ಬರೆದಿಡುತ್ತೇವೆ.