ಹಳೆಯ ವಿದ್ಯಾರ್ಥಿನಿಯರ ಸಂಘವೂ ಅದನ್ನು ನಡಸುವವರೂ

ಹಳೆಯ ವಿದ್ಯಾರ್ಥಿನಿಯರ ಸಂಘವೆಂದರೆ ವರ್ಷಕ್ಕೊಮ್ಮೆ ಕೂಡಿ, ಕಾಫಿ ಉಪಾಹಾರಗಳನ್ನು ತೀರಿಸಿ, ಭಾವಚಿತ್ರ ತೆಗೆಯಿಸಿಕೊಂಡು ಚದರುವ ಕೂಟವೆಂದು ಅನೇಕರು ತಿಳಿದಿರುವರು. ಆ ದಿನ ಚಪ್ಪರದ ಕೆಳಗೆ ಕುಳಿತವರಿಗೆ ಹಾಗೆ ತೋರುವುದು ಸಹಜವೇ. ಆದರೆ ಚಪ್ಪರವು ಎದ್ದು ನಿಂತುದು ಹೇಗೆ, ಆಮಂತ್ರಣವು ತಮ್ಮ ಮನೆಯ ಬಾಗಿಲನ್ನು ಹುಡುಕಿಕೊಂಡು ಬಂದುದು ಹೇಗೆ, ಬಡ ಹುಡುಗಿಯೊಬ್ಬಳ ವರ್ಷದ ಖರ್ಚು ಯಾರ ಕೈಯಿಂದ ಸಂದಿತು ಎಂದು ವಿಚಾರಿಸಿದರೆ, ನಾಲ್ಕೈದು ಮಂದಿ ಸ್ತ್ರೀಯರ ವರ್ಷವಿಡೀ ನಡೆದ ದುಡಿಮೆಯು ಅದರ ಹಿಂದೆ ಕಾಣುವುದು. ಅವರಿಗೆ ಸಂಬಳವಿಲ್ಲ, ಅನೇಕ ವೇಳೆ ಬಸ್ಸಿನ ದುಡ್ಡೂ ಅವರದೇ. ಒಬ್ಬಳು ಸರ್ಕಾರಿ ಶಾಲೆಯ ಉಪಾಧ್ಯಾಯಿನಿ, ಇನ್ನೊಬ್ಬಳು ಅಡಿಕೆ ತೋಟದ ಮನೆಯೊಡತಿ, ಮತ್ತೊಬ್ಬಳು ನಿವೃತ್ತಳಾದ ದಾದಿ. ಅವರು ಮಾಡುವ ಕೆಲಸವು ಯಾವುದು, ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಂಥ ಸೀಮೆಯಲ್ಲಿ ಅದು ಏಕೆ ಹೆಚ್ಚು ಕಷ್ಟವಾದುದು ಎಂಬುದನ್ನು ಪೋಷಕರೂ ಹಳೆಯ ವಿದ್ಯಾರ್ಥಿನಿಯರೂ ಅರಿತಿರಬೇಕೆಂದು ಇಲ್ಲಿ ಬಿಡಿಸಿ ಹೇಳುವೆವು.

ಮೊದಲನೆಯ ಕೆಲಸವು ಹುಡುಕುವ ಕೆಲಸ. ಬಾಲಕರ ಪಾಠಶಾಲೆಯ ಸಂಘಕ್ಕೂ ಬಾಲಿಕೆಯರ ಪಾಠಶಾಲೆಯ ಸಂಘಕ್ಕೂ ಇರುವ ದೊಡ್ಡ ಭೇದವು ಇಲ್ಲಿಯೇ ಇದೆ. ಹುಡುಗನು ಎಷ್ಟು ದೂರ ಹೋದರೂ ಅವನ ಹೆಸರು ಅದೇ, ಅವನ ಮನೆಯನ್ನು ಊರಿನಲ್ಲಿ ಯಾರಾದರೂ ತೋರಿಸುವರು. ಹುಡುಗಿಗೆ ಮದುವೆಯಾದೊಡನೆ ಊರು ಬದಲಾಗುವುದು, ತಂದೆಯ ಹೆಸರಿನ ಮೊದಲಕ್ಷರವು ಹೋಗಿ ಗಂಡನ ಹೆಸರಿನದು ಬರುವುದು. ಕೆಲವು ಮನೆತನಗಳಲ್ಲಿ ಅತ್ತೆಯ ಮನೆಯವರು ಹೊಸ ಹೆಸರನ್ನೇ ಇಡುವುದುಂಟು. ಕ್ರೈಸ್ತ ಹುಡುಗಿಯರಲ್ಲಿ ದೀಕ್ಷಾಸ್ನಾನದ ಹೆಸರೊಂದು, ಮನೆಯಲ್ಲಿ ಕರೆಯುವ ಹೆಸರೊಂದು. ಜೊತೆಯವರಿಗೆ ನೆನಪಿರುವುದು ಎರಡನೆಯದು, ದಾಖಲಾತಿ ಪುಸ್ತಕದಲ್ಲಿ ಬರೆದಿರುವುದು ಮೊದಲನೆಯದು. ಹೀಗೆ ಹತ್ತು ವರ್ಷಗಳಲ್ಲಿ ಒಂದು ತರಗತಿಯ ಅರ್ಧಕ್ಕರ್ಧ ಹುಡುಗಿಯರು ಬದುಕಿದ್ದೂ ಪಟ್ಟಿಯಿಂದ ಅಳಿಸಿಹೋದಂತೆ ಆಗುವರು. ಪಾಠಶಾಲೆಯ ಮಟ್ಟಿಗೆ ಇದು ಚಿಕ್ಕ ನಷ್ಟವಲ್ಲ. ಯಾಕಂದರೆ ನಮ್ಮಲ್ಲಿ ಓದಿದವಳು ಮುಂದೆ ಏನಾದಳೆಂಬುದನ್ನು ತಿಳಿಯದೆ, ನಾವು ಕಲಿಸಿದುದು ಕೆಲಸಕ್ಕೆ ಬಂದಿತೋ ಇಲ್ಲವೋ ಎಂದು ಹೇಳುವುದು ಹೇಗೆ?

ಆದಕಾರಣ ಸದಸ್ಯರ ಪಟ್ಟಿಯನ್ನು ಬರೆಯುವವಳು ಈಗಿನ ಹೆಸರಿನಿಂದ ಆರಂಭಿಸತಕ್ಕದ್ದಲ್ಲ. ಶಾಲೆಯಲ್ಲಿದ್ದಾಗಿನ ಹೆಸರು, ತಂದೆಯ ಹೆಸರು, ಶಾಲೆ ಬಿಟ್ಟ ವರ್ಷ, ತವರೂರು ಇವುಗಳನ್ನು ಮೊದಲು ಬರೆದು, ಈಗಿನ ಹೆಸರನ್ನೂ ವಿಳಾಸವನ್ನೂ ಮುಂದಿನ ಕಲಮಿನಲ್ಲಿ, ತಿದ್ದಲು ಸ್ಥಳ ಬಿಟ್ಟು ಬರೆಯಬೇಕು. ವರ್ಗಾವಣೆ ಪತ್ರವು ಮನೆಯಲ್ಲಿದ್ದರೆ ಅದರಲ್ಲಿರುವ ದಾಖಲಾತಿ ಸಂಖ್ಯೆಯು ಎಲ್ಲಕ್ಕಿಂತ ಭದ್ರವಾದ ಗುರುತು. ಹೆಸರು ಎಷ್ಟು ಸಲ ಬದಲಾದರೂ ಅದು ಬದಲಾಗದು. ಮೊಬೈಲಿನ ಗುಂಪುಗಳು ಬಂದ ಮೇಲೆ ಇದೆಲ್ಲ ಏತಕ್ಕೆಂದು ಕೇಳುವವರುಂಟು. ಗುಂಪಿನಲ್ಲಿ ಇರುವವರು ಒಬ್ಬರನ್ನೊಬ್ಬರು ಆಗಲೇ ಬಲ್ಲವರು. ಘಟ್ಟದ ಅಂಚಿನ ಒಂಟಿಮನೆಯಲ್ಲಿ, ಸಿಗ್ನಲ್ಲು ಸಿಕ್ಕದೆ ಗುಡ್ಡ ಹತ್ತಿ ಮಾತಾಡುವ ಹಳೆಯ ಹುಡುಗಿಯು ಯಾವ ಗುಂಪಿನಲ್ಲೂ ಇಲ್ಲ. ಸಂಘವು ಹುಡುಕಬೇಕಾದುದು ಅವಳನ್ನೇ. ಇದರೊಡನೆ ಇನ್ನೊಂದು ಎಚ್ಚರಿಕೆ. ಸ್ತ್ರೀಯರ ದೂರವಾಣಿ ಸಂಖ್ಯೆಗಳ ಪಟ್ಟಿಯನ್ನು ಅಚ್ಚು ಹಾಕಿಸಿ ಹಂಚುವುದು ನಮಗೆ ಸರ್ವಥಾ ಸಮ್ಮತವಲ್ಲ. ಅಂಥ ಪಟ್ಟಿಯು ಯಾರ ಕೈಗೆ ಹೋಗುವುದೆಂದು ಹೇಳಲಾಗದು. ಅದು ಕಾರ್ಯದರ್ಶಿನಿಯ ಬೀಗದೊಳಗೆ ಇರಲಿ.

ಈ ಸೀಮೆಯ ಚರಿತ್ರೆಯೂ ಹುಡುಕುವವರಿಗೆ ಪ್ರತಿಕೂಲವೇ. ಹಿಂದೆ ಎಡೇಹಳ್ಳಿಯೆನಿಸಿಕೊಂಡಿದ್ದು, ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರನ್ನು ಹೊತ್ತ ನರಸಿಂಹರಾಜಪುರಕ್ಕೆ ಒಂದು ಕಾಲದಲ್ಲಿ ತರೀಕೆರೆಯಿಂದ ಸಣ್ಣ ರೈಲು ಬರುತ್ತಿದ್ದಿತು, ಈಗ ಅದಿಲ್ಲ. ಲಕ್ಕವಳ್ಳಿಯಲ್ಲಿ ಭದ್ರಾ ನದಿಗೆ ಅಣೆಕಟ್ಟು ಕಟ್ಟಿದಾಗ ಈ ಭಾಗದ ಅನೇಕ ಹಳ್ಳಿಗಳೂ ಗದ್ದೆಗಳೂ ಹಿನ್ನೀರಿನಲ್ಲಿ ಮುಳುಗಿದವು. ಅಲ್ಲಿನವರು ಬೇರೆ ಬೇರೆ ಕಡೆಗೆ ಹೋಗಿ ನೆಲೆಸಿದರು. ಹಳೆಯ ಪುಸ್ತಕದಲ್ಲಿ ಬರೆದ ತವರೂರು ನೀರಿನ ಅಡಿಯಲ್ಲಿದ್ದರೆ ಅಂಚೆಯವನನ್ನು ಕೇಳಿ ಫಲವೇನು? ಇತ್ತ ಕೇರಳದಿಂದ ಬಂದು ನೆಲೆಸಿದ ಸಿರಿಯನ್ ಕ್ರೈಸ್ತ ಕುಟುಂಬಗಳ ಹುಡುಗಿಯರಲ್ಲಿ ದಾದಿಯರ ಶಿಕ್ಷಣ ಪಡೆದು ಪರದೇಶಗಳಿಗೆ ಹೋದವರೂ ಉಂಟು. ಇಂಥ ಸ್ಥಿತಿಯಲ್ಲಿ ಒಬ್ಬ ಸ್ವಯಂಸೇವಕಿಯು ವರ್ಷಕ್ಕೆ ಇಪ್ಪತ್ತು ವಿಳಾಸಗಳನ್ನು ಸರಿಪಡಿಸಿದರೂ ಅದು ದೊಡ್ಡ ಕೆಲಸವೆಂದೇ ನಾವು ಎಣಿಸುವೆವು.

ಎರಡನೆಯ ಕೆಲಸವು ಸಹಾಯ. ಇದನ್ನು ಕುರಿತು ಸ್ವಲ್ಪ ಹಿಂದಿನ ಮಾತನ್ನು ಹೇಳಬೇಕಾಗಿದೆ. ಮೈಸೂರಿನಲ್ಲಿ ಮಹಾರಾಣಿಯವರ ಬಾಲಿಕಾ ಪಾಠಶಾಲೆಯು 1881ರಲ್ಲಿಯೇ ಆರಂಭವಾದರೂ, ಮಲೆನಾಡಿನ ಮಕ್ಕಳಿಗೆ ಹೈಸ್ಕೂಲೆಂಬುದು ಬಹು ಕಾಲ ದೂರದ ಮಾತಾಗಿದ್ದಿತು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪುರವರೂ ಹೈಸ್ಕೂಲಿನ ಓದಿಗೆ ಮೈಸೂರಿನ ವೆಸ್ಲಿಯನ್ ಮಿಷನ್ ಪಾಠಶಾಲೆಗೆ ಹೋಗಬೇಕಾಯಿತು. ಗಂಡುಮಗನನ್ನು ಮೈಸೂರಿಗೆ ಕಳುಹಿಸಿದರು. ಅದೇ ಕಾಲದ ಹೆಣ್ಣುಮಗಳನ್ನು ಕಳುಹಿಸಿದವರೆಷ್ಟು ಮಂದಿ? ಈಗ ಹೈಸ್ಕೂಲು ಹತ್ತಿರ ಬಂದಿದೆ. ಆದರೆ ಹತ್ತಿರವೆಂಬ ಮಾತಿಗೆ ಮಲೆನಾಡಿನಲ್ಲಿ ಅರ್ಥವೇ ಬೇರೆ.

ಪ್ರೌಢಶಾಲೆಯ ಹುಡುಗಿಯು ಓದನ್ನು ಬಿಡುವುದಕ್ಕೆ ಶಾಲೆಯ ಶುಲ್ಕವೇ ಕಾರಣವೆಂದು ದೂರದಲ್ಲಿರುವ ದಾನಿಗಳು ತಿಳಿಯುವರು. ನಾವು ಕಂಡ ಮಟ್ಟಿಗೆ ಬಸ್ಸೇ ದೊಡ್ಡ ಕಾರಣ. ಕೊಪ್ಪದಲ್ಲಿ 1991ರಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ ಸಹಕಾರ ಸಾರಿಗೆಯ ಬಸ್ಸುಗಳನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು. ಒಳನಾಡಿನ ಹಳ್ಳಿಗಳಿಗೆ ಹೋಗಿ ಬರುತ್ತಿದ್ದ ಆ ಬಸ್ಸುಗಳಲ್ಲಿ ರಿಯಾಯಿತಿ ಪಾಸು ಹಿಡಿದು ಎಷ್ಟೋ ಮಕ್ಕಳು ಓದಿದರು. ಸುಮಾರು ಮೂರು ದಶಕಗಳ ಮೇಲೆ, 2020ರಲ್ಲಿ, ಹಣದ ಮುಗ್ಗಟ್ಟಿನಿಂದ ಆ ಸಂಚಾರವು ನಿಂತಿತು. ಸರ್ಕಾರವು 2023ರ ಜೂನ್ ತಿಂಗಳಿಂದ ಸ್ತ್ರೀಯರಿಗೆ ಉಚಿತ ಪ್ರಯಾಣವನ್ನು ಕೊಟ್ಟಿದೆ. ಅದು ಸ್ವಾಗತಾರ್ಹವೇ, ಆದರೆ ಅದು ಸರ್ಕಾರಿ ಬಸ್ಸಿಗೆ ಮಾತ್ರ. ಖಾಸಗಿ ಬಸ್ಸಾಗಲಿ ಜೀಪಾಗಲಿ ಮಾತ್ರ ಬರುವ ದಾರಿಯ ಹುಡುಗಿಗೆ ಅದರಿಂದ ಲಾಭವಿಲ್ಲ. ಸಂಜೆಯ ಬಸ್ಸು ತಪ್ಪಿದರೆ ಜೂನ್ ಜುಲೈ ತಿಂಗಳ ಮಳೆಯಲ್ಲಿ, ಕತ್ತಲಲ್ಲಿ, ಹಳ್ಳದ ಸಂಕ ದಾಟಿ ಅವಳು ನಡೆಯಬೇಕು. ಎರಡು ದಿನ ಹೀಗಾದ ಮೇಲೆ ಮನೆಯವರು "ಓದಿದ್ದು ಸಾಕು" ಎಂದರೆ ಅವರನ್ನು ಗದರಿಸಿ ಪ್ರಯೋಜನವಿಲ್ಲ.

ಇದನ್ನು ಪೇಟೆಯಲ್ಲಿ ಕುಳಿತು ತಿಳಿಯಲಾಗದು. ಆ ದಾರಿಯಲ್ಲೇ ವಾಸಿಸುವ ಹಳೆಯ ವಿದ್ಯಾರ್ಥಿನಿಯೊಬ್ಬಳು ತಿಳಿಯಬಲ್ಲಳು. ಸಂಘದ ಸ್ವಯಂಸೇವಕಿಯಿಂದ ಪಾಠಶಾಲೆಗೆ ದೊರೆಯುವ ಅತ್ಯಂತ ಬೆಲೆಯುಳ್ಳ ಸಹಾಯವು ಹಣವಲ್ಲ, ಈ ತಿಳಿವಳಿಕೆಯೇ ಎಂದು ನಮ್ಮ ಅಭಿಪ್ರಾಯ. ಯಾವ ಹುಡುಗಿಯು ವಾರದಿಂದ ಬಂದಿಲ್ಲ, ಏಕೆ ಬಂದಿಲ್ಲ, ಪರೀಕ್ಷೆಯ ತಿಂಗಳುಗಳಲ್ಲಿ ಅವಳು ಪೇಟೆಯಲ್ಲಿ ಯಾರ ಮನೆಯಲ್ಲಿ ಉಳಿಯಬಹುದು ಎಂಬುದನ್ನು ಅವಳು ಅಡಿಗೆಮನೆಯ ಬಾಗಿಲಲ್ಲಿ ನಿಂತು, ಹುಡುಗಿಯ ತಾಯಿಯೊಡನೆ ಮಾತಾಡಿ ಗೊತ್ತುಮಾಡುವಳು. ಮುಖ್ಯೋಪಾಧ್ಯಾಯಿನಿಯು ಹೋದರೆ ಕುರ್ಚಿ ಹಾಕಿ ಕಾಫಿ ಕೊಟ್ಟು, "ನಾಳೆಯಿಂದ ಕಳಿಸ್ತೀವಿ ಅಮ್ಮಾ" ಎಂದು ಹೇಳಿಬಿಡುವರು. ಅಲ್ಲಿಗೆ ಮುಗಿಯಿತು.

ಸಹಾಯ ಕೊಡುವ ರೀತಿಯ ವಿಷಯದಲ್ಲಿಯೂ ಒಂದು ಮಾತು. ಸಭೆಯ ವೇದಿಕೆಯ ಮೇಲೆ ಬಡ ಹುಡುಗಿಯನ್ನು ನಿಲ್ಲಿಸಿ, ಲಕೋಟೆಯನ್ನು ಕೈಗಿತ್ತು, ದಾನಿಯೊಡನೆ ಚಿತ್ರ ತೆಗೆಯುವ ಪದ್ಧತಿಯು ಅನೇಕ ಕಡೆಗಳಲ್ಲಿ ಬಳಕೆಯಲ್ಲಿದೆ. ಹದಿನಾಲ್ಕು ವರ್ಷದ ಹುಡುಗಿಯು ಆ ಹಣವನ್ನು ಬೇಗನೆ ಮರೆಯುವಳು, ಜೊತೆಯವರ ಮುಂದೆ ನಿಂತ ಆ ಗಳಿಗೆಯನ್ನು ಮರೆಯಳು. ನಮ್ಮಲ್ಲಿ ಹಣವು ಕಛೇರಿಯ ಮೂಲಕ ಸಲ್ಲುವುದು. ಹೆಸರನ್ನು ಕಾರ್ಯದರ್ಶಿನಿ, ಖಜಾಂಚಿ, ಮುಖ್ಯೋಪಾಧ್ಯಾಯಿನಿ ಈ ಮೂವರ ಹೊರತು ಮತ್ತೊಬ್ಬರು ಅರಿಯತಕ್ಕದ್ದಲ್ಲ. ದಾನಿಗೆ ಲೆಕ್ಕ ಬೇಕು, ಅದು ನ್ಯಾಯವೇ. ಮುಖವನ್ನು ತೋರಿಸೆಂದು ಕೇಳುವ ಹಕ್ಕಿಲ್ಲ.

ಲೆಕ್ಕದ ಮಾತಿಗೆ ಬರುವೆವು. ಪೋಷಕರಲ್ಲಿ ಬಹು ಮಂದಿಗೆ ಇದು ಬೇಸರದ ವಿಷಯ. ಆದರೂ ಅನೇಕ ಸಂಘಗಳು ಸ್ನೇಹವಿಲ್ಲದುದರಿಂದಲ್ಲ, ರಸೀತಿಯಿಲ್ಲದುದರಿಂದ ಮುರಿದಿವೆ. ನೋಂದಣಿಯಾಗದ ಸಂಘದಲ್ಲಿ ಹಣವು ಯಾರದೋ ಒಬ್ಬರ ಸ್ವಂತ ಹೆಸರಿನ ಖಾತೆಯಲ್ಲಿ ಕೂಡುವುದು. ಆಕೆ ಎಷ್ಟೇ ಸತ್ಯವಂತಳಾದರೂ ನಾಳೆ ಆಕೆಗೆ ಏನಾದರೂ ಆದರೆ ಆ ಹಣವು ವಾರಸುದಾರರ ವ್ಯಾಜ್ಯಕ್ಕೆ ಸಿಕ್ಕುವುದು. 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದ ಮೇರೆಗೆ ಏಳು ಮಂದಿ ಕೂಡಿದರೆ ಸಂಘವನ್ನು ನೋಂದಾಯಿಸಬಹುದು. ಆಮೇಲೆ ವರ್ಷಕ್ಕೊಂದು ಮಹಾಸಭೆಯನ್ನು ಕೂಡಿಸಬೇಕು. ಆಡಳಿತ ಮಂಡಲಿಯವರ ಪಟ್ಟಿಯನ್ನೂ ಪರಿಶೋಧಿತವಾದ ಲೆಕ್ಕವನ್ನೂ ರಿಜಿಸ್ಟ್ರಾರರಿಗೆ ಒಪ್ಪಿಸಬೇಕು. ಮೊದಲ ಎರಡು ವರ್ಷ ಉತ್ಸಾಹದಿಂದ ಒಪ್ಪಿಸಿ, ಮೂರನೆಯ ವರ್ಷ ಮರೆತು, ಆರನೆಯ ವರ್ಷ ದಂಡ ತೆರಲು ಓಡಾಡುವುದು ಇಂಥ ಸಂಘಗಳ ಸಾಮಾನ್ಯ ರೋಗ. ಖಜಾಂಚಿಯು ವಿದ್ಯಾವಂತಳಾಗಿರುವುದಕ್ಕಿಂತ, ಅಂದಿನ ಜಮಾಖರ್ಚನ್ನು ಅಂದೇ ಬರೆಯುವವಳಾಗಿರುವುದು ಮೇಲು. ಮನೆವಾರ್ತೆಯ ಲೆಕ್ಕವನ್ನು ಪೈಸೆಗೆ ಪೈಸೆ ಇಟ್ಟ ಗೃಹಿಣಿಯರು ಈ ಕೆಲಸವನ್ನು ಪದವೀಧರೆಯರಿಗಿಂತ ಚೆನ್ನಾಗಿ ಮಾಡಿದುದನ್ನು ನಾವು ಬಲ್ಲೆವು.

ಪರದೇಶದಿಂದ ಬರುವ ಹಣಕ್ಕೆ ಬೇರೆ ನಿಯಮವಿದೆ. ಇದನ್ನರಿಯದೆ ಒಳ್ಳೆಯವರೂ ತೊಂದರೆಗೆ ಸಿಕ್ಕುವರು. ಭಾರತದ ಪೌರಳಾಗಿಯೇ ಇದ್ದು ಹೊರದೇಶದಲ್ಲಿ ದುಡಿಯುವ ಹಳೆಯ ವಿದ್ಯಾರ್ಥಿನಿಯು ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದ ಹಣವು 2010ರ ವಿದೇಶೀ ದೇಣಿಗೆ ಕಾಯ್ದೆಯ ಅರ್ಥದಲ್ಲಿ ವಿದೇಶೀ ದೇಣಿಗೆಯಲ್ಲ. ಆಕೆಯೇ ಆ ದೇಶದ ಪೌರತ್ವವನ್ನು ಪಡೆದಿದ್ದರೆ, ತವರು ಶೃಂಗೇರಿಯಾಗಿದ್ದರೂ ಸರಿಯೇ, ಅದು ವಿದೇಶೀ ದೇಣಿಗೆಯೇ. ಆ ಕಾಯ್ದೆಯ ಮೇರೆಗೆ ಅನುಮತಿ ಪಡೆಯದ ಸಂಘವು ಅದನ್ನು ಮುಟ್ಟತಕ್ಕದ್ದಲ್ಲ. ಆದುದರಿಂದ ಹಣವನ್ನು ಕಳುಹಿಸುವ ಮೊದಲು, ತಾವು ಯಾವ ದೇಶದ ಪಾಸ್‌ಪೋರ್ಟ್ ಹೊಂದಿರುವಿರೆಂದು ಖಜಾಂಚಿಯು ಕೇಳಿದರೆ ಯಾರೂ ಬೇಸರಪಡಬಾರದು.

ಸಭೆಯನ್ನು ಯಾವಾಗ ಕೂಡಿಸುವುದೆಂಬ ಪ್ರಶ್ನೆಯು ಹೊರಗಿನವರಿಗೆ ನಗೆ ತರಿಸೀತು. ಜೂನಿನಿಂದ ಆಗಸ್ಟಿನವರೆಗೆ ಮಳೆ. ನವರಾತ್ರಿಯಲ್ಲಿ ಶೃಂಗೇರಿಯವರ ಮನೆಗಳಲ್ಲಿ ನೆಂಟರು ತುಂಬಿರುವರು. ಅದರ ಬೆನ್ನಿಗೆ ಅಡಿಕೆಯ ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು. ಕಾಫಿಯ ಹಣ್ಣು ಕೊಯ್ಯುವ ಕಾಲವು ಜನವರಿಯ ಆಚೆಗೂ ನಡೆಯುವುದು. ಮಾರ್ಚಿಯಲ್ಲಿ ಮಕ್ಕಳ ಪರೀಕ್ಷೆ, ಏಪ್ರಿಲ್ ಮೇ ತಿಂಗಳುಗಳಲ್ಲಿ ಮದುವೆಗಳು. ಭಾನುವಾರ ಬೆಳಿಗ್ಗೆ ಕ್ರೈಸ್ತ ಕುಟುಂಬಗಳಿಗೆ ಆರಾಧನೆ. ಹೊರಗಿನಿಂದ ಬರುವವರು ಕ್ರಿಸ್ಮಸ್ಸಿಗೋ ಬೇಸಿಗೆಗೋ ಬರುವರು. ಎಲ್ಲರಿಗೂ ಒಪ್ಪುವ ದಿನವಿಲ್ಲ. ಬೇಸಿಗೆ ರಜೆಯ ಒಂದು ಶನಿವಾರವನ್ನು ಶಾಶ್ವತವಾಗಿ ಗೊತ್ತುಮಾಡಿ, ಯಾರು ಬಂದರೂ ಬಾರದಿದ್ದರೂ ಅದೇ ದಿನ ಕೂಡಿಸುವುದೇ ಮೇಲೆಂದು ನಮಗೆ ತೋರುವುದು. ಪ್ರತಿವರ್ಷವೂ ದಿನ ಬದಲಾಯಿಸಿದರೆ ಹಳ್ಳಿಯ ಹೆಂಗಸಿಗೆ ಮನೆಯಲ್ಲಿ ಮುಂಚಿತವಾಗಿ ಹೇಳಿಕೊಳ್ಳಲು ಆಗದು.

ಮನೆಯಲ್ಲಿ ಹೇಳಿಕೊಳ್ಳುವುದು ಎಂದೆವು. ಸಂಘವನ್ನು ನಡಸುವವರ ನಿಜವಾದ ತೊಡಕು ಅಲ್ಲಿಯೇ ಇದೆ. ಮಗನು ಯುವಕರ ಮಂಡಲಿಗೆ ಹೋದರೆ ಅದು ಸಮಾಜಸೇವೆ. ಸೊಸೆಯು ಹಳೆಯ ಶಾಲೆಯ ಸಂಘಕ್ಕೆ ಹೋದರೆ ಅದು ತಿರುಗಾಟ. ತಿಂಗಳಿಗೊಂದು ಮಧ್ಯಾಹ್ನವನ್ನು ಕೇಳಿ ಪಡೆಯಲಾರದೆ ಒಳ್ಳೆಯ ಕೆಲಸಗಾರ್ತಿಯರು ಬಿಟ್ಟುಹೋದುದುಂಟು. ಆಮೇಲೆ ಉಳಿದ ಇಬ್ಬರ ಮೇಲೆ ಆರು ಮಂದಿಯ ಹೊರೆ ಬೀಳುವುದು. ಅವರು ಹತ್ತು ವರ್ಷ ಹೊತ್ತು ಬೇಸತ್ತು ಕೈಬಿಡುವರು. ಅವರೊಡನೆ ನಡವಳಿ ಪುಸ್ತಕವೂ ಯಾವುದೋ ಅಟ್ಟವನ್ನು ಸೇರುವುದು. 1890ರಲ್ಲಿ ಧಾರವಾಡದಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪಕರಾದ ರಾ. ಹ. ದೇಶಪಾಂಡೆಯವರ ಕಾಲವು ಕಳೆದ ಮೇಲೂ ಬಾಳಿರುವುದು. ಕೈಯಿಂದ ಕೈಗೆ ಕೆಲಸವನ್ನು ಒಪ್ಪಿಸುವವರು ಇರದಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ. ಆದಕಾರಣ ಯಾವ ಪದಾಧಿಕಾರಿಯೂ ಮೂರು ವರ್ಷಕ್ಕೆ ಮೇಲ್ಪಟ್ಟು ಒಂದೇ ಸ್ಥಾನದಲ್ಲಿ ಇರಬಾರದೆಂದೂ, ಕೊನೆಯ ವರ್ಷ ಮುಂದಿನವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಬೇಕೆಂದೂ ನಾವು ಕಾರ್ಯಸಮಿತಿಗೆ ಸೂಚಿಸಿರುವೆವು. ಮೂರು ತಾಲ್ಲೂಕುಗಳಿಂದಲೂ ತಲಾ ಇಬ್ಬರು ಇದ್ದರೆ ಒಬ್ಬಳೇ ಎಲ್ಲಾ ದಾರಿಗಳನ್ನೂ ಅಲೆಯಬೇಕಾಗಿಲ್ಲ. ಪೋಷಕರೇ, ನಿಮ್ಮ ಸೊಸೆಯೋ ಮಗಳೋ ಈ ಆರು ಮಂದಿಯಲ್ಲಿ ಒಬ್ಬಳಾಗಲು ಅಪ್ಪಣೆ ಕೇಳಿದರೆ, ಆ ಮಧ್ಯಾಹ್ನ ಮಗುವನ್ನು ನೋಡಿಕೊಳ್ಳುವವರು ಯಾರೆಂಬುದನ್ನೂ ಆಗಲೇ ಗೊತ್ತುಮಾಡಿಕೊಡಿರಿ.

ಸದಸ್ಯರ ಪಟ್ಟಿಯನ್ನು ಈಗ ಹೊಸದಾಗಿ ಬರೆಯುತ್ತಿರುವರು. ಶಾಲೆಯಲ್ಲಿದ್ದಾಗಿನ ಹೆಸರು, ತಂದೆಯ ಹೆಸರು, ಶಾಲೆ ಬಿಟ್ಟ ವರ್ಷ, ತವರೂರು, ಈಗಿನ ಹೆಸರು ಮತ್ತು ವಿಳಾಸವನ್ನು ಒಂದು ಕಾರ್ಡಿನಲ್ಲಿ ಬರೆದು ಪಾಠಶಾಲೆಯ ಕಛೇರಿಗೆ ಕಳುಹಿಸಿರಿ. ತವರೂರು ಹಿನ್ನೀರಿನಲ್ಲಿ ಮುಳುಗಿದ್ದರೆ ಹಳೆಯ ಹೆಸರನ್ನೇ ಬರೆಯಿರಿ. ಪುಸ್ತಕದಲ್ಲಿ ಅದೇ ಇದೆ. ನಿಮ್ಮ ಜೊತೆ ಒಂದೇ ಬೆಂಚಿನಲ್ಲಿ ಕುಳಿತವಳ ಸುದ್ದಿ ಗೊತ್ತಿದ್ದರೆ ಕಾರ್ಡಿನ ಹಿಂಬದಿಯಲ್ಲಿ ಅವಳದನ್ನೂ ಬರೆಯಿರಿ.