ಕಪಾಟಿನ ಯಾಶಿಕಾ, ಕಂತಿನ ಲೆನ್ಸ್

ಮಿರರ್‌ಲೆಸ್ ಕ್ಯಾಮೆರಾ ಕೊಂಡವರಿಗೆ ಮುಂದಿನ ಖರ್ಚು ಬೆನ್ನಿಗೇ ಬರುತ್ತದೆ. ಜೊತೆಗೆ ಬಂದ ಕಿಟ್ ಲೆನ್ಸ್ ಸಾಲದು ಅನ್ನಿಸಿ ಇನ್ನೊಂದರ ಮೇಲೆ ಕಣ್ಣು ಬೀಳುತ್ತದೆ. ರೋಣ, ನರಗುಂದ, ಗಜೇಂದ್ರಗಡದ ಕಡೆಯ ಹುಡುಗರು ನನ್ನನ್ನು ಹೆಚ್ಚಾಗಿ ಕೇಳುವುದೂ ಇದನ್ನೇ: “ಸರ, 36 ಸಾವಿರದ್ದು ಒಂದು ಲೆನ್ಸ್ ಐತ್ರಿ, ಕಂತಿನ್ಯಾಗ ತಗೊಳ್ಳೇನ್ರಿ?” ಮೊದಲು ಮನೆಯ ಕಪಾಟು ತೆಗೆದು ನೋಡಪ್ಪ ಎನ್ನುತ್ತೇನೆ.

ರೀಲ್ ಕಾಲದಲ್ಲಿ ನಮ್ಮ ಭಾಗದ ಎಷ್ಟೋ ಮನೆಗಳಲ್ಲಿ ಯಾಶಿಕಾ ಎಂಎಫ್-2 ಇತ್ತು. 38 ಎಂಎಂ, ಎಫ್/3.8 ಲೆನ್ಸಿನ ಸಣ್ಣ ಕ್ಯಾಮೆರಾ. ನಮ್ಮ ಮನೆಯದರ ಫ್ಲ್ಯಾಶ್ ಕೆಟ್ಟಿತ್ತು, ರೀಲ್ ತಿರುಗುತ್ತಿರಲಿಲ್ಲ. ಆದರೆ ಲೆನ್ಸಿಗೆ ಬೂಸಲು ಹಿಡಿದಿರಲಿಲ್ಲ. ಆ ಗಾಜನ್ನೇ ಈಗಿನ ಕ್ಯಾಮೆರಾಕ್ಕೆ ಕೂರಿಸಿಕೊಂಡಿದ್ದೇನೆ.

ಇದು ಸಾಧ್ಯವಾಗುವುದಕ್ಕೆ ಕಾರಣ ಸರಳ. ಒಳಗೆ ಕನ್ನಡಿ ಇಲ್ಲದ್ದರಿಂದ ಮಿರರ್‌ಲೆಸ್ ಕ್ಯಾಮೆರಾದಲ್ಲಿ ಲೆನ್ಸ್ ಕೂರುವ ಬಾಯಿಗೂ ಸೆನ್ಸರ್‌ಗೂ ಅಂತರ ಕಡಿಮೆ. ಸೋನಿ ಇ-ಮೌಂಟ್‌ನಲ್ಲಿ ಅದು 18 ಮಿಲಿಮೀಟರ್. 38 ಎಂಎಂ ಲೆನ್ಸ್ ದೂರದ ವಸ್ತುವನ್ನು ಸ್ಪಷ್ಟವಾಗಿ ತೋರಿಸಲು ಸೆನ್ಸರ್‌ನಿಂದ ಸುಮಾರು 38 ಮಿಲಿಮೀಟರ್ ಮುಂದಿರಬೇಕು. ಉಳಿಯುವ 20 ಮಿಲಿಮೀಟರ್ ಜಾಗದಲ್ಲಿ ತಿರುಗಿಸಿದರೆ ಹಿಂದೆ ಮುಂದೆ ಸರಿಯುವ ಹೆಲಿಕಾಯ್ಡ್ ಉಂಗುರ ಹಿಡಿಸುತ್ತದೆ. ಫೋಕಸ್ ಮಾಡುವುದು ಅದರಿಂದಲೇ. ಅರ್ಧ ಮಿಲಿಮೀಟರ್ ಹೆಚ್ಚಾದರೂ ಲೆನ್ಸ್ ಮೂರು ಮೀಟರ್ ದೂರಕ್ಕಷ್ಟೇ ಸ್ಪಷ್ಟ. ನರಗುಂದದ ಗುಡ್ಡ ಮಸುಕಾಗುತ್ತದೆ.

ಕ್ಯಾಮೆರಾ ಬಿಚ್ಚುವ ಕೆಲಸವನ್ನು ರಿಪೇರಿಯವರಿಗೇ ಕೊಟ್ಟೆ. ಬ್ಯಾಟರಿ ತೆಗೆದ ಮೇಲೂ ಫ್ಲ್ಯಾಶಿನ ಕೆಪಾಸಿಟರ್‌ನಲ್ಲಿ ನೂರಾರು ವೋಲ್ಟ್ ಉಳಿದಿರಬಹುದು. ಅದನ್ನು ಮನೆಯಲ್ಲಿ ಕೆದಕಬಾರದು. ಲೆನ್ಸ್ ಹಿಡಿಯುವ ಅಲ್ಯೂಮಿನಿಯಂ ಬಳೆಯನ್ನು ರೋಣದ ಲೇತ್ ಅಂಗಡಿಯಲ್ಲಿ ಕಡೆಸಿದೆ. ದಿನವೂ ಟ್ರ್ಯಾಕ್ಟರ್ ಬುಷ್ ಕಡೆಯುವ ಮಿಸ್ತ್ರಿ, “ಇದು ಯಾವ ಪಂಪಿಂದ್ರೀ ಸರ?” ಎಂದು ಕೇಳಿ, ಕ್ಯಾಮೆರಾದ್ದೆಂದು ತಿಳಿದ ಮೇಲೆ ವರ್ನಿಯರ್ ಹಿಡಿದು ಮತ್ತೊಮ್ಮೆ ಅಳೆದರು. ಹೆಲಿಕಾಯ್ಡ್ ಮತ್ತು ಅಡಾಪ್ಟರ್‌ಗೆ 2,200, ಲೇತ್‌ಗೆ 400, ಬಿಚ್ಚಿ ಕೂರಿಸಿದ್ದಕ್ಕೆ 500. ಒಟ್ಟು 3,100 ರೂಪಾಯಿ.

ಈಗ ಕಂತಿನ ಲೆಕ್ಕ. 36,000 ರೂಪಾಯಿಗೆ ಕ್ರೆಡಿಟ್ ಕಾರ್ಡಿನಲ್ಲಿ ವರ್ಷಕ್ಕೆ ಶೇ 15ರ ಬಡ್ಡಿ, 12 ಕಂತು ಎಂದಿಟ್ಟುಕೊಳ್ಳಿ. ತಿಂಗಳಿಗೆ ಸುಮಾರು 3,250. ವರ್ಷದ ಬಡ್ಡಿ ಸುಮಾರು 3,000. ಅದರ ಮೇಲೆ ಶೇ 18 ಜಿಎಸ್‌ಟಿ 540. ಅಂದರೆ ಹೊಸ ಲೆನ್ಸಿನ ಬಡ್ಡಿ, ತೆರಿಗೆಯ ದುಡ್ಡಿನಲ್ಲೇ ನನ್ನ ಹಳೆಯ ಲೆನ್ಸ್ ಬಂದು, ಕೈಯಲ್ಲಿ ಇನ್ನೂ 440 ಉಳಿಯಿತು. ‘ನೋ ಕಾಸ್ಟ್’ ಎಂದರೂ ಬಡ್ಡಿ ಇಲ್ಲವೆಂದಲ್ಲ. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಬಡ್ಡಿಯಷ್ಟು ರಿಯಾಯಿತಿ ತೋರಿಸಿದರೂ ಬಡ್ಡಿಯ ಮೇಲಿನ ಜಿಎಸ್‌ಟಿ, ಪ್ರೊಸೆಸಿಂಗ್ ಶುಲ್ಕ ನಮ್ಮ ಮೇಲೆಯೇ ಬೀಳುತ್ತವೆ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಒಕ್ಕಲುತನದ ಮನೆಗೆ ಹೆಸರಿನ ದುಡ್ಡು ಮಳೆಗಾಲದ ಕೊನೆಗೆ, ಕಡಲೆಯ ದುಡ್ಡು ಸಂಕ್ರಾಂತಿ ದಾಟಿದ ಮೇಲೆ ಬರುತ್ತದೆ. ಫೋಟೊಗ್ರಾಫರನ ಗಳಿಕೆ ಮದುವೆ ಸೀಸನ್ನಿನಲ್ಲಿ. ಆಷಾಢದಲ್ಲಿ ಮದುವೆ ಇಲ್ಲ, ಕಂತಿಗೆ ಮಾತ್ರ ಆಷಾಢವಿಲ್ಲ.

ಹಳೆಯ ಲೆನ್ಸಿನಿಂದ ಸಿಕ್ಕಿದ್ದೇನು? ಗಜೇಂದ್ರಗಡದ ಸಮೀಪದ ಸೂಡಿಗೆ ಹೋದಾಗ ನಾಗಕುಂಡದ ಮೆಟ್ಟಿಲುಗಳ ಮೇಲೆ ನಡುಹಗಲ ಬಿಸಿಲು ಬಿದ್ದಿತ್ತು. ಈ ಲೆನ್ಸಿನ ಕಾಂಟ್ರಾಸ್ಟ್ ಕಡಿಮೆ, ಹಾಗಾಗಿ ನೆರಳಿನಲ್ಲಿದ್ದ ಕಲ್ಲಿನ ಗೀರುಗಳೂ ಉಳಿದವು. ಅಂಚು ಮೆತ್ತಗೆ, ನಡುವೆ ಚೂಪು. ಸೂರ್ಯನ ಕಡೆ ಹಿಡಿದರೆ ಚಿತ್ರವೆಲ್ಲ ಬೆಳ್ಳಗೆ ತೇಲುತ್ತದೆ. ಅಂಗೈ ಅಡ್ಡ ಹಿಡಿಯಬೇಕು. ಆಟೊಫೋಕಸ್ ಇಲ್ಲದ್ದರಿಂದ ನಿಂತು, ನೋಡಿ, ಉಂಗುರ ತಿರುಗಿಸಿ ತೆಗೆಯುವ ಅಭ್ಯಾಸವಾಯಿತು. ಎಪಿಎಸ್-ಸಿ ಸೆನ್ಸರ್ ಮೇಲೆ 38 ಎಂಎಂ ಲೆನ್ಸ್ 57 ಎಂಎಂನಷ್ಟು ಕಾಣುವುದರಿಂದ ಮುಖಕ್ಕೂ ಶಿಲ್ಪಕ್ಕೂ ಹೇಳಿಮಾಡಿಸಿದಂತಿದೆ. ನನಗೆ ಯಾವ ದೂರದ ಲೆನ್ಸ್ ಬೇಕು, ಎಷ್ಟು ಬೆಳಕಿನದು ಬೇಕು ಎಂದು ತಿಳಿದದ್ದು ಇದನ್ನು ಬಳಸಿದ ಮೇಲೆಯೇ. ಆ ತಿಳಿವಳಿಕೆ 3,100ಕ್ಕೆ ಸಿಕ್ಕಿದ್ದು ಅಗ್ಗವೆಂದೇ ನನ್ನ ಎಣಿಕೆ.

ಮದುವೆ ಕೆಲಸಕ್ಕೆ ಇದು ಸಲ್ಲದು. ಅಕ್ಷತೆ ಬೀಳುವ ಗಳಿಗೆ ಉಂಗುರ ತಿರುಗಿಸುವ ತನಕ ಕಾಯುವುದಿಲ್ಲ. ಅಂಥ ದಿನಕ್ಕೆ ಲೆನ್ಸ್ ಬಾಡಿಗೆಗೆ ತಂದು, ಬಾಡಿಗೆಯನ್ನು ಗಿರಾಕಿಯ ಲೆಕ್ಕದಲ್ಲೇ ಸೇರಿಸಿ. ಒಂದು ಸೀಸನ್ನಿನ ಬಾಡಿಗೆ ಕೂಡಿಸಿದರೆ ಲೆನ್ಸಿನ ಬೆಲೆಯ ಅರ್ಧ ದಾಟುತ್ತದೆ ಎಂದಾಗ ಕೊಳ್ಳುವ ಮಾತು ಆಡಬಹುದು. ಆಗಲೂ ಒಬ್ಬರೇ ಕೊಳ್ಳಬೇಕೆಂದಿಲ್ಲ.

1905ರಲ್ಲೇ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕಣಗಿನಹಾಳದ ರೈತರು ಸಹಕಾರ ಸಂಘ ಕಟ್ಟಿಕೊಂಡ ಜಿಲ್ಲೆ ನಮ್ಮದು. ನಾಲ್ವರು ಫೋಟೊಗ್ರಾಫರು ತಲಾ 9,000 ಹಾಕಿದರೆ 36,000ದ ಲೆನ್ಸ್ ಬಡ್ಡಿಯಿಲ್ಲದೆ ಬರುತ್ತದೆ. ಯಾರಿಗೆ ಯಾವ ದಿನ, ಕೆಟ್ಟರೆ ಯಾರ ಖರ್ಚು ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಿ. ಕಲಿಯುವ ತನಕ ಕಪಾಟಿನ ಗಾಜು, ಗಳಿಸುವಾಗ ಕೂಡಿ ಕೊಂಡ ಲೆನ್ಸ್. ಈ ಮದುವೆ ಸೀಸನ್ನಿಗೆ ಮುಂಚೆ ನಿಮ್ಮೂರಿನ ಜೊತೆಗಾರರನ್ನು ಒಮ್ಮೆ ಕೇಳಿ ನೋಡಿ.